ಹುಳದ ಡಬ್ಬಿ

ನಮ್ಮ ಮಾಮ ಯಾವ ಮನೆಯೊಳಕ್ಕೆ ಕಾಲಿಟ್ಟರೂ ಅವನ ಬಾಯಿಂದ ಹೊರಡುತ್ತಿದ್ದ ಮೊದಲ ಮಾತು ‘ಛೀ’. ಎರಡನೆಯದು ‘ಫ್ಯಾನ್ ಆರಿಸಿ’. ಮೊದಲನೆಯದನ್ನು ಕನ್ನಡಕ ಒರೆಸಿಕೊಳ್ಳುವ ನೆವದಲ್ಲಿ ಮೆಲ್ಲಗೆ ಹೇಳುತ್ತಿದ್ದುದರಿಂದ ಮನೆಯವರಿಗೆ ಕೇಳಿಸುತ್ತಿರಲಿಲ್ಲ. ಎರಡನೆಯದು ಮಾತ್ರ ಅಪ್ಪಣೆಯ ಹಾಗಿರುತ್ತಿತ್ತು.

ಪಿಯಾನೊಗಳಿಗೆ ಶ್ರುತಿ ಕೂಡಿಸುವುದು ಅವನ ಕೆಲಸ. ಪಿಯಾನೊ ಇಟ್ಟುಕೊಂಡ ಶಾಲೆಗಳು, ಹೋಟೆಲುಗಳು, ಕೆಲವು ದೊಡ್ಡ ಮನೆಗಳು ಅವನ ಗಿರಾಕಿಗಳು. ಹೊರಗೆ ಕನ್ನಡಿಯ ಹಾಗೆ ಹೊಳೆಯುವ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಏನಿರುತ್ತದೆ ಎಂದು ತಿಳಿದವನು ಮನುಷ್ಯರ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಳ್ಳುವುದು ಕಷ್ಟ ಎನ್ನುತ್ತಿದ್ದ. ಅಗಿದು ಅಂಟಿಸಿದ ಚೂಯಿಂಗ್ ಗಮ್, ಕೂದಲಿನ ಉಂಡೆ, ಯಾರದೋ ಹಾಲುಹಲ್ಲು, ಬಿಸ್ಕತ್ತಿನ ಪುಡಿ, ಆ ಪುಡಿಗೆಂದು ಬಂದ ಇಲಿ, ಇಲಿ ಅಲ್ಲೇ ಸಂಸಾರ ಹೂಡಿ ತಂತಿಗೆ ಬಡಿಯುವ ಸುತ್ತಿಗೆಗಳ ಉಣ್ಣೆ ಕಿತ್ತು ಮಾಡಿಕೊಂಡ ಗೂಡು. ಇದನ್ನೆಲ್ಲ ಅವನು ವಿವರವಾಗಿ ಹೇಳುತ್ತಿದ್ದುದು ಊಟಕ್ಕೆ ಕೂತಾಗ. ‘ರೀ, ತಟ್ಟೆ ಮುಂದಿದೆ’ ಎಂದು ಅತ್ತೆ ಅಷ್ಟೇ ಹೇಳುತ್ತಿದ್ದಳು. ಅಕ್ಕನ ಮಕ್ಕಳಾದ ನಾವು ಅದೇ ಮನೆಯ ಮೇಲಿನ ಅಂತಸ್ತಿನಲ್ಲಿದ್ದೆವು. ಅವನಿಗೆ ಛೀಮಾಮ ಎಂದು ಹೆಸರಿಟ್ಟವರು ನಾವೇ.

ಪಿಯಾನೊದಲ್ಲಿ ಬಹುಪಾಲು ಸ್ವರಗಳಿಗೆ ಮೂರು ಮೂರು ತಂತಿಗಳಿರುತ್ತವೆ. ಮೂರೂ ಒಂದೇ ಬಿಗಿಯಲ್ಲಿದ್ದರೆ ದನಿ ನೆಟ್ಟಗೆ ನಿಲ್ಲುತ್ತದೆ. ಒಂದು ತಂತಿ ಕೂದಲೆಳೆಯಷ್ಟು ಸಡಿಲವಾದರೂ ಸಾಕು, ಎರಡು ದನಿಗಳು ಒಮ್ಮೆ ಕೂಡಿ ಒಮ್ಮೆ ಕಳೆದು, ಕೇಳುವವನ ಕಿವಿಯಲ್ಲಿ ಉಬ್ಬಿ ಇಳಿದು ಉಬ್ಬಿ ಇಳಿದು ಹೊರಳತೊಡಗುತ್ತವೆ. ಮಾಮನ ಪರಿಭಾಷೆಯಲ್ಲಿ ಇದು ‘ಹುಳ’. ತಂತಿ ಸುತ್ತಿದ ಗೂಟಕ್ಕೆ ಕೀಲಿ ಸಿಕ್ಕಿಸಿ ತಿರುಗಿಸುತ್ತ ಹೋದರೆ ಹುಳ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ಕೊನೆಗೆ ಸತ್ತು ಮಲಗುತ್ತದೆ. ದಿನವಿಡೀ ಹುಳ ಕೊಲ್ಲುವುದೇ ಅವನ ಸಂಪಾದನೆ. ಫ್ಯಾನ್ ಆರಿಸಲು ಹೇಳುತ್ತಿದ್ದುದೂ ಅದಕ್ಕೇ. ತಿರುಗುವ ರೆಕ್ಕೆಗಳು ದನಿಯನ್ನು ಕೊಚ್ಚಿ, ತಂತಿಯಲ್ಲಿಲ್ಲದ ಹುಳವನ್ನು ಗಾಳಿಯಲ್ಲಿ ಹುಟ್ಟಿಸುತ್ತವೆ. ಸೆಖೆಯಲ್ಲಿ ಬೆವರುತ್ತ ನಿಂತ ಮನೆಯವರು ಸ್ವಲ್ಪ ಸಣ್ಣಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿದರೆ, ಹಲ್ಲು ಕೀಳಿಸಿಕೊಳ್ಳುವಾಗ ಬಾಯಿ ಸ್ವಲ್ಪ ಮುಚ್ಚಿಕೊಳ್ಳಲೇ ಅಂತ ಕೇಳುತ್ತೀರಾ ಎಂದು ಅವನು ತಿರುಗಿ ಕೇಳುತ್ತಿದ್ದ.

ಅವನ ಸ್ವಂತ ಮನೆಯಲ್ಲಿ ಮಾತ್ರ ಫ್ಯಾನ್ ನಿಲ್ಲುತ್ತಿರಲಿಲ್ಲ. ಅವನ ಅಮ್ಮ, ಎಂದರೆ ನನ್ನ ಅಜ್ಜಿ, ಶ್ವಾಸಕೋಶದ ಕಾಯಿಲೆಯಾದ ಮೇಲೆ ಮುಂದಿನ ಕೋಣೆಯ ಮಂಚ ಹಿಡಿದಿದ್ದಳು. ಮುಖದ ಮೇಲೆ ಗಾಳಿ ಆಡದಿದ್ದರೆ ಅವಳಿಗೆ ಉಸಿರು ಸಿಕ್ಕಿಕೊಂಡ ಹಾಗಾಗುತ್ತಿತ್ತು. ಅದರಲ್ಲಿ ಅರ್ಧ ಕಾಯಿಲೆ, ಅರ್ಧ ಹೆದರಿಕೆ ಎಂದು ಡಾಕ್ಟರು ಹೇಳಿದ್ದರು. ಯಾವುದು ಯಾವ ಅರ್ಧ ಎಂದು ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಕರೆಂಟು ಹೋದರೂ ತಿರುಗಲೆಂದು ಮಾಮ ಬ್ಯಾಟರಿ ಕೂಡಿಸಿದ್ದ. ಹೀಗೆ ವರ್ಷಗಟ್ಟಲೆ ತಿರುಗಿ ತಿರುಗಿ ಆ ಫ್ಯಾನು ನಮ್ಮ ಪಾಲಿಗೆ ಒಂದು ವಸ್ತುವಾಗಿಯೇ ಉಳಿದಿರಲಿಲ್ಲ. ಗೋಡೆ ಇದೆಯೇ ಎಂದು ಯಾರಾದರೂ ತಲೆಯೆತ್ತಿ ನೋಡುತ್ತಾರೆಯೇ, ಹಾಗೆ.

ಶನಿವಾರ ಸಂಜೆ ಮಾಮ ಒಂದು ಹೋಟೆಲಿನ ಮೇಲಂತಸ್ತಿನ ಹಾಲ್‌ನಲ್ಲಿ ಗಿಟಾರ್ ನುಡಿಸುತ್ತಿದ್ದ. ಆ ಹಾಲನ್ನೂ ಅವನು ಬಿಟ್ಟವನಲ್ಲ. ನೆಲದ ಕಾರ್ಪೆಟ್ಟು ಇಷ್ಟು ವರ್ಷಗಳಲ್ಲಿ ಚೆಲ್ಲಿದ್ದನ್ನೆಲ್ಲ ಕುಡಿದು ಬೆಳೆದಿದೆ, ತುಳಿದರೆ ತೇಗುತ್ತದೆ ಎನ್ನುತ್ತಿದ್ದ. ಕಾಲಡಿಗೆ ಮನೆಯಿಂದಲೇ ಒಂದು ರಬ್ಬರ್ ಹಾಳೆ ಒಯ್ಯುತ್ತಿದ್ದ. ಆದರೂ ಒಂದು ಶನಿವಾರವನ್ನೂ ತಪ್ಪಿಸಿದವನಲ್ಲ. ವಾರವೆಲ್ಲ ಬೇರೆಯವರ ವಾದ್ಯ ಸರಿ ಮಾಡುವುದು, ಅದು ಸರಿಯಾದ ಗಳಿಗೆಗೆ ಸರಿಯಾಗಿ ಚೀಲ ಎತ್ತಿಕೊಂಡು ಹೊರಡುವುದು. ಸರಿಯಾದದ್ದನ್ನು ತಾನೇ ನುಡಿಸುವ ಭಾಗ್ಯ ವಾರಕ್ಕೆ ಒಂದು ಸಂಜೆ ಮಾತ್ರ. ಆ ಸಂಜೆಯ ಆ ಕುರ್ಚಿ ಅವನಿಗೆ ಏನಾಗಿತ್ತು ಎಂಬುದು ಶುಕ್ರವಾರವೇ ಇಸ್ತ್ರಿಯಾಗುತ್ತಿದ್ದ ಬಿಳಿ ಅಂಗಿಯನ್ನು ನೋಡಿದರೆ ಗೊತ್ತಾಗುತ್ತಿತ್ತು.

ತಂಡದ ಯಜಮಾನರು ಒಬ್ಬ ಹಲ್ಲಿನ ಡಾಕ್ಟರು; ಡ್ರಮ್ ಬಾರಿಸುತ್ತಿದ್ದರು. ಹಾಡುತ್ತಿದ್ದವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹೆಂಗಸು. ಒಂದು ಶನಿವಾರ ಕಾರ್ಯಕ್ರಮ ಮುಗಿದು ವೈರುಗಳನ್ನು ಸುತ್ತಿಡುವಾಗ ಡಾಕ್ಟರು ಬಹಳ ಹೊತ್ತು ಗಂಟಲು ಸರಿಮಾಡಿಕೊಂಡರು. ಕೆಟ್ಟ ಸುದ್ದಿಗೆ ಮುಂಚೆ ಅವರು ರೋಗಿಗಳ ಮುಂದೆಯೂ ಹೀಗೇ ಮಾಡುತ್ತಾರಂತೆ. ನಿಧಾನದ ಹಾಡುಗಳು ಜಾಸ್ತಿಯಾಗಿವೆ, ಅವುಗಳಿಗೆ ಮಾಮನ ಗಿಟಾರು ಸಾಲುತ್ತಿಲ್ಲ ಎಂದರು. ಸಾಲದು ಅಂದರೆ ಏನು ಎಂದು ಮಾಮ ಕೇಳಿದ. ಡಾಕ್ಟರು ಗಾಯಕಿಯ ಮುಖ ನೋಡಿದರು.

‘ಬೋಳು ಅನ್ಸುತ್ತೆ ಅಣ್ಣ,’ ಅಂದಳು ಅವಳು. ‘ತಪ್ಪಿಲ್ಲ, ಎಲ್ಲ ಸರಿಯಾಗೇ ಇದೆ. ಆದ್ರೆ ಹಾಡೋವಾಗ ಬೆನ್ನಿಗೆ ಗೋಡೆ ಇದ್ದ ಹಾಗೆ. ಒರಗೋಣ ಅಂದ್ರೆ ತಣ್ಣಗೆ ಕೊರೆಯುತ್ತೆ.’

ಅದಕ್ಕೊಂದು ಉಪಾಯವೂ ಡಾಕ್ಟರ ಬಳಿ ಸಿದ್ಧವಿತ್ತು. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ, ಕಾಲಡಿಯಲ್ಲಿ ಇಟ್ಟುಕೊಳ್ಳುವ ಪೆಡಲ್ ಎಂಬ ಡಬ್ಬಿ ಸಿಗುತ್ತದೆ. ಕಾಲಿನಿಂದ ಒತ್ತಿದರೆ ದನಿಗೆ ಅಲೆ ಬರುತ್ತದೆ, ನಡುಕ ಬರುತ್ತದೆ, ಸುತ್ತು ಬರುತ್ತದೆ. ಒಂದೇ ಡಬ್ಬಿಯಲ್ಲಿ ಎಲ್ಲ ಬಗೆಯೂ ಇರುವಂಥದ್ದನ್ನು ತಂದರೆ ಮುಗಿಯಿತು. ಮುಂದಿನ ಶನಿವಾರದೊಳಗೆ ತಂದರೆ ಒಳ್ಳೆಯದು. ಇಲ್ಲದಿದ್ದರೆ... ಔಷಧ ಅಂಗಡಿಯವರೊಬ್ಬರು ಗಿಟಾರ್ ನುಡಿಸುತ್ತಾರೆ, ಅವರ ಬಳಿ ಸೂಟ್‌ಕೇಸ್ ತುಂಬ ಪೆಡಲುಗಳೇ ಇವೆಯಂತೆ. ಡಾಕ್ಟರು ಇದನ್ನು ಸುಮ್ಮನೆ ಮಾಹಿತಿಗಾಗಿ ಹೇಳುವವರ ಹಾಗೆ ಹೇಳಿದರು.

ಮನೆಗೆ ಬಂದ ಮಾಮ ಅಂಗಿ ಕಳಚುವ ಮೊದಲೇ ಶುರು ಮಾಡಿದ. ದನಿಗೆ ಅಲೆ ಅಂದರೆ ಏನು? ಹುಳ. ದಿನವೆಲ್ಲ ಊರಿನ ಹುಳ ಕೊಂದು ಬಂದವನು ದುಡ್ಡು ಕೊಟ್ಟು ಹುಳ ಸಾಕಬೇಕಂತೆ. ಅತ್ತೆ ಬಾಗಿಲು ಹಾಕುತ್ತ, ಬೇಡವಾದರೆ ಬಿಟ್ಟುಬಿಡಿ ಅಂದಳು. ಅವನು ಬಿಡುವುದಾಗಿಯೂ ಹೇಳಲಿಲ್ಲ. ಹ್ಯಾಂಗರಿಗೆ ಬಿಳಿ ಅಂಗಿ ಹಾಕಿ, ಅದರ ಭುಜ ಸರಿಮಾಡುತ್ತ ಅಲ್ಲೇ ನಿಂತ.

ವಾದ್ಯಗಳ ಅಂಗಡಿಯವನು ಮಾಮನಿಗೆ ಹಳಬ. ಯಾರೋ ಉಪಯೋಗಿಸಿ ಮಾರಿದ ಒಂದು ಡಬ್ಬಿ ಅವನ ಬಳಿ ಇತ್ತು. ಅಂಗೈ ಅಗಲದ, ನೇರಳೆ ಬಣ್ಣದ ಲೋಹದ ಡಬ್ಬಿ. ಬಗೆ ಆರಿಸಲು ಒಂದು ತಿರುಗಣೆ, ಹನ್ನೊಂದು ಬಗೆ. ಅಲೆಯ ವೇಗಕ್ಕೊಂದು, ಅದರ ಆಳಕ್ಕೊಂದು ತಿರುಗಣೆ. ನಡುವೆ ಕಾಲಿನಿಂದ ಒತ್ತುವ ಗುಂಡಿ. ಹನ್ನೊಂದು ಡಬ್ಬಿ ಕೊಳ್ಳುವ ಕಡೆ ಒಂದೇ ಸಾಕು ಎಂದು ಅಂಗಡಿಯವನು ಬೆಲೆ ಹೇಳಿದ. ಮಾಮ ಕನ್ನಡಕ ತೆಗೆದು ಒರೆಸಿಕೊಂಡ. ಶನಿವಾರ ಆದಮೇಲೆ ಬಂದು ಹೇಳಿ, ಬೇಡವೆಂದರೆ ತಗೊಂಡು ಹೋದ ಸ್ಥಿತಿಯಲ್ಲೇ ತಂದುಕೊಡಿ, ಏನೂ ಕೊಡಬೇಕಾಗಿಲ್ಲ ಎಂದು ಅಂಗಡಿಯವನು ಅದನ್ನು ಕಾಗದದ ಚೀಲಕ್ಕೆ ಹಾಕಿಕೊಟ್ಟ. ಆ ಸ್ಥಿತಿಯಲ್ಲೇ ಹೇಗೆ ಕೊಡಲಿ, ಇದು ಅಂಟಂಟಾಗಿದೆಯಲ್ಲ ಎಂದು ಮಾಮ ಕೇಳಿದ್ದಕ್ಕೆ ಅವನು ನಕ್ಕನಂತೆ.

ಅಂಟು ನಿಜವಾಗಿಯೂ ಇತ್ತು. ಹಳೆಯ ಯಜಮಾನ ಅದರ ಮೇಲೆ ಏನೋ ಸಿಹಿಯಾದದ್ದನ್ನು ಚೆಲ್ಲಿಕೊಂಡಿದ್ದ. ಅದರ ಮೇಲೆ ಧೂಳು ಕೂತು, ಧೂಳಿನ ಮೇಲೆ ಶೂಸಿನ ಅಡಿಯ ಕೊಳೆ ಕೂತಿತ್ತು. ಮಾಮ ವರಾಂಡದಲ್ಲಿ ಹಳೆ ಟವೆಲು ಹಾಸಿ, ಸ್ಪಿರಿಟು, ಹತ್ತಿ ಸುತ್ತಿದ ಕಡ್ಡಿಗಳನ್ನು ಇಟ್ಟುಕೊಂಡು ಕೂತ. ತಿರುಗಣೆಯ ಬುಡದಿಂದ ಒಂದು ಕೂದಲು ಎಳೆದ. ಅದು ಬರುತ್ತಲೇ ಇತ್ತು. ಕೊನೆಗೆ ಅದನ್ನು ಬೆಳಕಿಗೆ ಹಿಡಿದು, ಬೆಕ್ಕಿನದಲ್ಲ, ಮನುಷ್ಯನದೇ ಅಂದ. ಡಬ್ಬಿಯ ತಳದ ರಬ್ಬರಿನ ಕೆಳಗೆ ಒಂದು ಜಿರಳೆಯ ಕಾಲು ಇತ್ತು. ಕಾಲು ಮಾತ್ರ. ಉಳಿದ ಜಿರಳೆ ಒಳಗಿದೆಯೋ ಹೊರಗಿದೆಯೋ ಎಂಬ ಯೋಚನೆಯಲ್ಲೇ ಅವನು ಸಂಜೆಯ ಚಹಾ ಬಿಟ್ಟ.

ಆಂಪ್ಲಿಫೈಯರು ಯಾವಾಗಲೂ ಹೋಟೆಲಿನಲ್ಲೇ ಇರುತ್ತಿತ್ತು. ಪರೀಕ್ಷೆಗೆಂದು ಅವನು ಅದನ್ನು ಮೊದಲ ಸಲ ಮನೆಗೆ ತಂದಿದ್ದ. ಸರಿಯಾದ ಪ್ಲಗ್ಗು ಇದ್ದುದು ಮುಂದಿನ ಕೋಣೆಯಲ್ಲಿ ಮಾತ್ರ. ಅಜ್ಜಿಯ ಮಂಚದ ಪಕ್ಕದಲ್ಲಿ ಅದನ್ನು ಗೋಡೆಗೆ ಒರಗಿಸಿ, ದನಿ ತನ್ನ ಕಿವಿಗೆ ಬರಲೆಂದು ಮುಖ ಮೇಲಕ್ಕಾಗುವಂತೆ ವಾಲಿಸಿ ಇಟ್ಟ. ಸ್ಟೂಲಿನ ಮೇಲೆ ಕೂತು ಒಂದೊಂದೇ ಬಗೆಯನ್ನು ವಿಚಾರಣೆಗೆ ಕರೆದ. ಪ್ರತಿಯೊಂದಕ್ಕೂ ಅದೇ ನಾಲ್ಕು ಸ್ವರ, ಅದೇ ಜೋರು. ಮೊದಲು ವೇಗ ಕಡಿಮೆ, ಆಮೇಲೆ ಹೆಚ್ಚು. ಮೆಟ್ಟಿಲ ಮೇಲೆ ಕೂತಿದ್ದ ನನಗೆ ತೀರ್ಪುಗಳು ಚೆನ್ನಾಗಿ ಕೇಳಿಸುತ್ತಿದ್ದವು.

ಮೊದಲನೆಯದು, ಇಬ್ಬರು ಒಟ್ಟಿಗೆ ನುಡಿಸಿದ ಹಾಗೆ ಮಾಡುತ್ತದಂತೆ. ನಿಜ, ಇಬ್ಬರಲ್ಲಿ ಒಬ್ಬ ಶ್ರುತಿ ಮಾಡಿಕೊಳ್ಳದೆ ಬಂದಿದ್ದಾನೆ ಎಂದ ಮಾಮ. ಎರಡನೆಯದು ನೀರಿನ ತೊಟ್ಟಿಯೊಳಗೆ ತಲೆ ಹಾಕಿ ಆಕಳಿಸಿದ ಹಾಗೆ. ಮೂರನೆಯದು ಬಾಯಿ ಮುಕ್ಕಳಿಸಿ ಉಗುಳದೆ ಇಟ್ಟುಕೊಂಡ ಹಾಗೆ.

‘ಬೆಳಗಾದ್ರೆ ನಿಮ್ಮಪ್ಪ ಮಾಡ್ತಿದ್ರಲ್ಲ, ಅದೇ,’ ಅಂದಳು ಅಜ್ಜಿ ಮಂಚದಿಂದ. ‘ಇನ್ನೊಂದು ಸಲ ಹಾಕು.’

ಅವನು ಹಾಕಲಿಲ್ಲ. ನಾಲ್ಕನೆಯದು ದೋಣಿಯಲ್ಲಿ ಕೂತು ಹೊಟ್ಟೆ ತೊಳೆಸಿದಂತೆ. ಐದನೆಯದು ಬಟ್ಟೆ ಒಗೆಯುವ ಯಂತ್ರಕ್ಕೆ ಗಿಟಾರನ್ನು ಹಾಕಿ ಗುಂಡಿ ಒತ್ತಿದಂತೆ. ಆರನೆಯದು ಜೋರನ್ನಷ್ಟೇ ಹೆಚ್ಚು ಕಡಿಮೆ ಮಾಡುತ್ತ ಹೋಗುವ ಬರಿಯ ನಡುಕ. ಜ್ವರ ಬಂದಿದೆ, ಕಂಬಳಿ ಹೊದಿಸಿ ಎಂದು ಅದನ್ನೂ ತಳ್ಳಿಹಾಕಿದ. ಅಲ್ಲಿಂದ ಮುಂದಿನವುಗಳಿಗೆ ಅವನ ಬಳಿ ಹೋಲಿಕೆಯೂ ಉಳಿದಿರಲಿಲ್ಲ. ಪ್ರತಿಯೊಂದಕ್ಕೂ ಒಂದೊಂದು ಛೀ, ಅಷ್ಟೇ. ಹನ್ನೊಂದೂ ಮುಗಿದ ಮೇಲೆ ಬಾಯಿ ತೊಳೆದುಕೊಳ್ಳುವವನ ಹಾಗೆ ಗುಂಡಿ ಒತ್ತಿ ಪೆಡಲನ್ನು ಆರಿಸಿ, ಬರಿಯ ಗಿಟಾರಿನ ಒಂದು ಸ್ವರ ಮೀಟಿದ.

ಹುಳ ಅಲ್ಲೇ ಇತ್ತು.

ಸಣ್ಣದು, ವೇಗದ್ದು, ಆದರೆ ಇತ್ತು. ಅವನು ಇನ್ನೊಮ್ಮೆ ಮೀಟಿದ. ಮತ್ತೆ ಗುಂಡಿ ಒತ್ತಿ, ಆರಿಸಿ, ಮೀಟಿದ. ಆರಿಸಿದರೂ ಹೋಗದ ಹುಳ. ಡಬ್ಬಿಯನ್ನೇ ಕಿತ್ತು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಂದು, ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಿ ಮೀಟಿದ. ಆಗಲೂ ಇತ್ತು. ಇದಕ್ಕೆ ಎರಡು ಕಾರಣಗಳಿರಬಹುದು ಎಂದು ಅತ್ತೆಗೆ ವಿವರಿಸಿದ: ಒಂದೋ ಡಬ್ಬಿ ಆಂಪ್ಲಿಫೈಯರನ್ನು ಕೆಡಿಸಿದೆ, ಇಲ್ಲವೇ ಆಂಪ್ಲಿಫೈಯರು ಅದರ ಸಹವಾಸದಿಂದ ತಾನಾಗಿ ಕೆಟ್ಟಿದೆ. ತನ್ನ ಕಿವಿಯನ್ನು ಅವನು ಅನುಮಾನಿಸಲಿಲ್ಲ. ಅದು ನ್ಯಾಯವೇ, ಕಿವಿ ಸರಿಯಾಗಿಯೇ ಕೇಳುತ್ತಿತ್ತು. ಆದರೆ ಇಷ್ಟು ವರ್ಷ ಪ್ರತಿ ಮನೆಯಲ್ಲೂ ಮೊದಲು ಕೊಡುತ್ತಿದ್ದ ಅಪ್ಪಣೆ ಆ ಕೋಣೆಯಲ್ಲಿ ಅವನ ನೆನಪಿಗೆ ಬರಲಿಲ್ಲ. ನನ್ನ ನೆನಪಿಗೂ ಬರಲಿಲ್ಲ. ಕಟ್ಟೆಯ ಮೇಲಿಂದ ಆ ಜಿರಳೆ ಡಬ್ಬಿ ಎತ್ತುತ್ತೀರಾ ಇಲ್ಲವಾ ಎಂದು ಅತ್ತೆ ಕೇಳಿದಳು.

ಮರುದಿನ ಬೆಳಿಗ್ಗೆ ಎರಡು ಫೋನು ಮಾಡಿದ. ಅಂಗಡಿಯವನಿಗೆ, ನಿನ್ನ ಡಬ್ಬಿ ನನ್ನ ಆಂಪ್ಲಿಫೈಯರಿಗೂ ಹುಳ ಹತ್ತಿಸಿದೆ ಎಂದ. ಹಾಗಾಗಲು ಸಾಧ್ಯವೇ ಇಲ್ಲ, ತಂದು ತೋರಿಸಿ ಎಂದು ಅವನು ಸಮಾಧಾನವಾಗಿ ಹೇಳಿದ. ಹಲ್ಲಿನ ಡಾಕ್ಟರ ಜೊತೆಗಿನ ಎರಡನೆಯ ಮಾತು ಇದಕ್ಕಿಂತ ಬಿಸಿಯಾಗಿತ್ತು. ಇಂಥ ಹೊಲಸನ್ನು ಕಾಲಡಿಯಲ್ಲಿ ಇಟ್ಟುಕೊಂಡು ನುಡಿಸುವುದಕ್ಕಿಂತ ಮನೆಯಲ್ಲಿ ಸುಮ್ಮನೆ ಕೂರುವುದು ಮೇಲು, ಔಷಧ ಅಂಗಡಿಯವನನ್ನೇ ಕರೆಸಿಕೊಳ್ಳಿ, ಅವನಾದರೆ ಎಲ್ಲರಿಗೂ ಒಂದೊಂದು ಮಾತ್ರೆಯನ್ನೂ ತರುತ್ತಾನೆ ಎಂದುಬಿಟ್ಟ. ಆ ಕಡೆಯಿಂದ ಡಾಕ್ಟರು ಏನು ಹೇಳಿದರೋ, ಮಾಮ ‘ಆಗಲಿ’ ಎಂದು ಫೋನ್ ಇಟ್ಟ. ಶುಕ್ರವಾರ ಬಂತು. ಅಂಗಿ ಇಸ್ತ್ರಿಗೆ ಹೋಗಲಿಲ್ಲ. ಅದನ್ನು ಗಮನಿಸಿದ ಅತ್ತೆ ತಾನೇ ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿದಳು.

ಅವತ್ತು ಸಂಜೆ ಅವನು ಆಂಪ್ಲಿಫೈಯರಿನ ರೋಗವನ್ನು ಅತ್ತೆಗೆ ಸಾಬೀತು ಮಾಡಿ ತೋರಿಸಲು ಕೂತ. ರಿಪೇರಿಗೆ ಒಯ್ಯುವ ಮೊದಲು ಒಬ್ಬ ಸಾಕ್ಷಿಯಾದರೂ ಬೇಕು ಎನ್ನುವುದು ಅವನ ಲೆಕ್ಕ. ಒಂದು ತಂತಿ ಮೀಟಿ, ಕೇಳಿಸ್ತಾ ಅಂದ. ಅತ್ತೆ, ಗಿಟಾರು ಕೇಳಿಸ್ತು ಅಂದಳು. ಗಿಟಾರಲ್ಲ, ಅದರ ಮೇಲೆ ಹರಿದಾಡ್ತಿರೋದು, ಅಂದ. ಅಷ್ಟರಲ್ಲಿ ಅಜ್ಜಿ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡು, ಯಾಕೋ ಚಳಿ, ಗಾಳಿ ಸ್ವಲ್ಪ ಕಮ್ಮಿ ಮಾಡೋ ಎಂದಳು. ರೆಗ್ಯುಲೇಟರು ಅವನ ತಲೆಯ ಪಕ್ಕದಲ್ಲೇ ಇತ್ತು. ಮೀಟಿದ ತಂತಿ ಇನ್ನೂ ನುಡಿಯುತ್ತಿರುವಾಗಲೇ ಕೂತಲ್ಲಿಂದ ಕೈಚಾಚಿ ಅದನ್ನು ತಿರುಗಿಸಿದ.

ಹುಳ ನಿಧಾನವಾಯಿತು.

ಅವನ ಕೈಗೆ ಇದಕ್ಕಿಂತ ಚೆನ್ನಾಗಿ ಗೊತ್ತಿದ್ದ ಸಂಗತಿ ಪ್ರಪಂಚದಲ್ಲಿ ಬೇರೊಂದಿರಲಿಲ್ಲ. ತಿರುಗಿಸಿದರೆ ಹುಳ ನಿಧಾನವಾಗುವುದು. ಅವನು ಕೈಯನ್ನು ಅಲ್ಲೇ ಇಟ್ಟುಕೊಂಡು ಮತ್ತೆ ಮೀಟಿದ. ಇನ್ನೂ ಒಂದು ಹಂತ ಇಳಿಸಿದ. ಇನ್ನೂ ನಿಧಾನ. ಮೇಲೆ ನೋಡಿದ. ರೆಕ್ಕೆಗಳ ಅಂಚಿನಲ್ಲಿ, ಎಂದೂ ನಿಲ್ಲದ ಕಾರಣ ಎಂದೂ ಒರೆಸದ ಕರಿಯ ಜಿಡ್ಡು ಬೆರಳಿನಷ್ಟು ದಪ್ಪ ಕೂತಿತ್ತು. ಊರಿನ ಪಿಯಾನೊಗಳ ಹೊಟ್ಟೆಯೊಳಗಿನ ಕೊಳಕನ್ನೆಲ್ಲ ಊಟದ ಹೊತ್ತಿಗೆ ವರ್ಣಿಸುತ್ತಿದ್ದವನ ತಟ್ಟೆಗೆ ನೇರ ಮೇಲೆ ಅಲ್ಲದಿದ್ದರೂ ಅವನ ಅಮ್ಮನ ಮಂಚಕ್ಕೆ ನೇರ ಮೇಲೆ ಅದು ನೇತಾಡುತ್ತಿತ್ತು.

‘ಛೀ,’ ಅಂದ ಮಾಮ. ಅದು ಯಾರಿಗೆ ಹೇಳಿದ್ದೆಂದು ಅತ್ತೆಗೂ ಮೆಟ್ಟಿಲ ಮೇಲೆ ಕೂತಿದ್ದ ನನಗೂ ಆ ಕ್ಷಣದಲ್ಲಿ ತಿಳಿಯಲಿಲ್ಲ.

ಏನಾಯ್ತೋ ಎಂದು ಅಜ್ಜಿ ಕೇಳಿದಳು. ಅವನು ಮೊದಲು ಏನೂ ಇಲ್ಲ ಎಂದ. ಅವಳು ಬಿಡಲಿಲ್ಲ. ಡಬ್ಬಿಯ ತಪ್ಪಿಲ್ಲ, ಆಂಪ್ಲಿಫೈಯರಿನ ತಪ್ಪೂ ಇಲ್ಲ, ದನಿ ಮೇಲಕ್ಕೆ ಹೋಗಿ ಫ್ಯಾನಿಗೆ ಸಿಕ್ಕಿ ಹಾಗಾಗುತ್ತಿದೆ ಎಂದು ಅವನು ರೆಗ್ಯುಲೇಟರನ್ನು ನೋಡುತ್ತ ಹೇಳಿದ.

‘ಅಂದ್ರೆ ಹುಳ ನಂದೇ ಅನ್ನು.’

‘ಹಾಗಲ್ಲಮ್ಮ.’

‘ಮತ್ತೆ ಹೇಗೆ? ಆರಿಸು ಅದನ್ನ.’

ಬೇಡವೆಂದು ಅವನೂ ಅತ್ತೆಯೂ ಒಟ್ಟಿಗೇ ಹೇಳಿದರು.

‘ಒಂದು ಹಾಡು ತಡ್ಕೋತೀನಿ ಕಣೋ. ಸತ್ತೇನೂ ಹೋಗಲ್ಲ. ಆರಿಸು ಅಂದೆ.’

ಅತ್ತೆ ಮಂಚದ ಅಂಚಿನಲ್ಲಿ ಕೂತು ಅಜ್ಜಿಯ ಕೈ ಹಿಡಿದುಕೊಂಡಳು. ಮಾಮ ಆರಿಸಿದ. ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಬಿದ್ದು, ತೂಗಿ, ನಿಂತವು. ಆ ಕೋಣೆ ಅಷ್ಟು ಮೌನವಾಗಿದ್ದುದನ್ನು ನಾನು ಕೇಳಿರಲಿಲ್ಲ. ಅಜ್ಜಿಯ ಉಸಿರಿನಲ್ಲಿ ಒಂದು ಸಣ್ಣ ಕೀರಲು ಇತ್ತು. ಅದು ಕೂಡ ಇಷ್ಟು ದಿನ ಫ್ಯಾನಿನೊಳಗೆ ಅಡಗಿತ್ತು. ಮಾಮ ಗಾಯಕಿಯ ನಿಧಾನದ ಹಾಡೊಂದರ ಮೊದಲ ಸಾಲು ನುಡಿಸಿದ. ಎಲ್ಲ ಸ್ವರಗಳೂ ನೆಟ್ಟಗಿದ್ದವು, ಒಂದೂ ಹುಳವಿಲ್ಲ. ಅರ್ಧಕ್ಕೆ ಅವನ ಕೈ ನಿಂತಿತು. ದಿನಾ ಸಂಜೆ ಅಮ್ಮನ ಮಂಚದ ಪಕ್ಕ ಕೂತು, ಆಂಪ್ಲಿಫೈಯರಿಲ್ಲದೆ ಅಭ್ಯಾಸ ಮಾಡುವಾಗ ಅವನ ಕಿವಿಗೆ ಬೀಳುತ್ತಿದ್ದ ಹಾಡು ಇದಾಗಿರಲಿಲ್ಲ. ಆಗ ಅದರೊಳಗೆ ಕೇಳಿಸಿಯೂ ಕೇಳಿಸದಷ್ಟು ಗಾಳಿ ಇರುತ್ತಿತ್ತು. ಹೋಟೆಲಿಗೆ ಅವನು ಒಯ್ಯುತ್ತಿದ್ದುದು ಇದು, ಈ ತಣ್ಣನೆಯ ಗೋಡೆ.

‘ಈಗ ಡಬ್ಬಿ ಹಾಕು,’ ಅಂದಳು ಅಜ್ಜಿ. ಅವಳ ಮೇಲ್ತುಟಿಯ ಮೇಲೆ ಬೆವರು ಮೂಡಿತ್ತು.

ಸಾಕು, ಫ್ಯಾನ್ ಹಾಕ್ತೀನಿ ಎಂದ ಮಾಮ. ಡಬ್ಬಿ ಅಂದೆ ಎಂದಳು ಅವಳು. ಅವನು ಕಾಗದದ ಚೀಲದಿಂದ ಅದನ್ನು ತೆಗೆದು, ಗಡಿಬಿಡಿಯಲ್ಲಿ ಸಿಕ್ಕಿಸಿ, ತಿರುಗಣೆಯನ್ನು ಆರನೆಯದಕ್ಕೆ ತಂದ, ಜ್ವರದ ನಡುಕಕ್ಕೆ. ಆಳವನ್ನು ಕಾಲುಭಾಗಕ್ಕೆ ಇಳಿಸಿದ. ವೇಗವನ್ನು ಕಣ್ಣು ಮುಚ್ಚಿಕೊಂಡು, ಕೀಲಿ ತಿರುಗಿಸುವ ಬೆರಳುಗಳಿಂದ ಎಳೆ ಎಳೆಯಾಗಿ ಇಳಿಸುತ್ತ ಬಂದು ಒಂದು ಕಡೆ ನಿಲ್ಲಿಸಿದ. ಅದೇ ಸಾಲನ್ನು ಮತ್ತೆ ನುಡಿಸಿದ. ನಿಂತ ಫ್ಯಾನಿನ ಕೆಳಗೆ ಫ್ಯಾನು ತಿರುಗುತ್ತಿದ್ದ ಹಾಗೆ ಕೇಳಿಸಿತು.

ಅಜ್ಜಿ ಪೂರ್ತಿ ಕೇಳಿದಳು. ‘ಇದರಷ್ಟು ಚೆನ್ನಾಗಿಲ್ಲ,’ ಎಂದು ಗದ್ದ ಎತ್ತಿ ಮೇಲಿನ ಫ್ಯಾನು ತೋರಿಸಿದಳು. ‘ಆದ್ರೂ ಪರವಾಗಿಲ್ಲ. ಇನ್ನು ಫ್ಯಾನ್ ಹಾಕಪ್ಪ, ಕೊಲ್ತೀಯಾ ನನ್ನ.’

ಮಾಮ ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಔಷಧ ಅಂಗಡಿಯವರನ್ನು ಕರೆದಾಗಿತ್ತು. ಕರೆದವರನ್ನು ಬರಬೇಡಿ ಎನ್ನಲಾಗುವುದಿಲ್ಲ, ನೀವೂ ಬನ್ನಿ, ಮೊದಲರ್ಧ ನೀವು ನುಡಿಸಿ, ಆಮೇಲೆ ಅವರು ನುಡಿಸಲಿ, ಯಾರು ಬೇಕೆಂದು ಹಾಡುವವಳೇ ಹೇಳಲಿ ಎಂದರು. ಇಷ್ಟು ವರ್ಷ ಕೂತ ಕುರ್ಚಿಗೆ ಈಗ ಪರೀಕ್ಷೆ ಬರೆಯುವುದು ಅವನಿಗೆ ಎಷ್ಟು ಅಸಹ್ಯವಾಯಿತೋ, ಆದರೂ ಒಪ್ಪಿಕೊಂಡ. ಹ್ಯಾಂಗರಿನಲ್ಲಿ ಅಂಗಿ ಸಿದ್ಧವಾಗಿರುವುದನ್ನು ನೋಡಿ ಒಂದು ಕ್ಷಣ ಅತ್ತೆಯ ಕಡೆ ತಿರುಗಿದ. ಅವಳು ಪಾತ್ರೆ ತೊಳೆಯುತ್ತಿದ್ದಳು.

ಶನಿವಾರ ನಾನೂ ಹೋಗಿದ್ದೆ. ಔಷಧ ಅಂಗಡಿಯವರು ಮುಂದಿನ ಮೇಜಿನಲ್ಲೇ ಕೂತಿದ್ದರು. ಮೇಜಿನ ಕೆಳಗೆ ಸೂಟ್‌ಕೇಸು, ಮೇಲೆ ಎಣ್ಣೆಯಲ್ಲಿ ಹುರಿದ ಕಡಲೆಬೀಜದ ತಟ್ಟೆ. ವಿನಯವಂತರು, ಮಾಮನಿಗೆ ಎದ್ದು ನಿಂತು ಕೈಕುಲುಕಿದರು. ಮಾಮ ಆಮೇಲೆ ಕರವಸ್ತ್ರ ತೆಗೆದ. ಮೊದಲು ಎರಡು ವೇಗದ ಹಾಡುಗಳಾದವು. ಮೂರನೆಯದು ನಿಧಾನದ್ದು. ಗಾಯಕಿ ಕೈಯಲ್ಲಿದ್ದ ಹಾಳೆಯನ್ನು ನೋಡಿಕೊಳ್ಳುತ್ತಿರುವಾಗ ಮಾಮ ಹೇಸಿಗೆಯ ಮೇಲೆ ಕಾಲಿಡುವವನ ಮುಖ ಮಾಡಿಕೊಂಡು ಗುಂಡಿ ಒತ್ತಿದ. ಮೊದಲ ಸ್ವರ ಹೊರಬಂದಾಗ ಅವಳು ಹಾಳೆಯನ್ನು ಕೆಳಗಿಳಿಸಿದಳು. ಹಾಡಿನಲ್ಲಿ ಅವಳು ಯಾವಾಗಲೂ ಆತುರದಿಂದ ಮುಗಿಸಿಬಿಡುತ್ತಿದ್ದ ಒಂದು ಉದ್ದದ ಸಾಲಿದೆ. ಅವತ್ತು ಅದನ್ನು ಬಿಡಲೇ ಇಲ್ಲ. ಡಾಕ್ಟರು ಡ್ರಮ್ಮಿನ ಕೋಲನ್ನು ಗಾಳಿಯಲ್ಲಿ ಹಿಡಿದು ಅವಳಿಗಾಗಿ ಕಾಯಬೇಕಾಯಿತು.

ಮುಗಿದ ಮೇಲೆ ಅವಳು ಹಿಂದಿರುಗಿ ನೋಡಿದಳು. ‘ಅಣ್ಣ, ಮುಂದಿನದಕ್ಕೂ ಅದೇ ಇರಲಿ.’

ಮುಂದಿನದು ವೇಗದ್ದು, ಅದಕ್ಕೆ ಬೇಡ ಎಂದ ಮಾಮ. ಅವಳು ತಲೆಯಾಡಿಸಿದಳು. ಪರೀಕ್ಷೆ ಅಲ್ಲಿಗೇ ಮುಗಿದಿತ್ತು. ವಿರಾಮದಲ್ಲಿ ಡಾಕ್ಟರು ಔಷಧ ಅಂಗಡಿಯವರ ಮೇಜಿಗೆ ಹೋಗಿ, ಬಹಳ ಹೊತ್ತು ಗಂಟಲು ಸರಿಮಾಡಿಕೊಂಡರು.

ಆ ಮನುಷ್ಯರಿಗೆ ಬೇಸರವಾದಂತೆ ಕಾಣಲಿಲ್ಲ. ಕುತೂಹಲ ಮಾತ್ರ ಇತ್ತು. ಎದ್ದು ಬಂದು, ಯಾವುದರಲ್ಲಿ ಇಟ್ಟಿದ್ದೀರಿ ಎಂದು ಕೇಳಿ, ಮಾಮ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಡುವ ಮೊದಲೇ ಬಗ್ಗಿ, ಕಡಲೆಬೀಜದ ಎಣ್ಣೆ ಬೆರಳುಗಳಿಂದ ತಿರುಗಣೆಯನ್ನು ಹಿಡಿದು ತಿರುಗಿಸಿದರು. ಒಂದೊಂದರಲ್ಲೂ ನಿಂತು, ಒರಗಿಸಿಟ್ಟಿದ್ದ ಗಿಟಾರನ್ನು ಮೀಟಿ, ವೇಗ ಆಳಗಳನ್ನೂ ಮೇಲೆ ಕೆಳಗೆ ಮಾಡಿ, ಹನ್ನೊಂದೂ ಬಗೆಯನ್ನು ತೂಗಿ ನೋಡಿದರು. ಒಳ್ಳೆಯ ಡಬ್ಬಿ, ಇದೊಂದಿದ್ದರೆ ಎಲ್ಲ ಸಿಗುತ್ತದೆ ಎಂದು ಮೆಚ್ಚಿ ಹೋದರು. ಮಾಮ ಉಳಿದರ್ಧದ ಮೊದಲ ನಿಧಾನದ ಹಾಡಿನಲ್ಲಿ ತಾನು ಮೊದಲು ಇಟ್ಟಿದ್ದ ಜಾಗವನ್ನು ಹುಡುಕುತ್ತ ಹುಡುಕುತ್ತ, ಬಾಯಿ ಮುಕ್ಕಳಿಸುವ ಆ ಮೂರನೆಯ ಬಗೆಯಲ್ಲೇ ಎರಡು ಸಾಲು ನುಡಿಸಿಬಿಟ್ಟ. ಗಾಯಕಿ ನಕ್ಕಳು; ಅವನು ನಗಲಿಲ್ಲ. ಆಂಪ್ಲಿಫೈಯರನ್ನೂ ಹೊತ್ತುಕೊಂಡು ಮನೆಗೆ ಬಂದವನು ಸ್ಪಿರಿಟು ತೆಗೆದ.

ಭಾನುವಾರವೆಲ್ಲ ಅಜ್ಜಿಯ ಪಕ್ಕ ಕೂತು, ಫ್ಯಾನನ್ನು ಅವಳಿಗೆ ಹಿತವಾಗುವ ಮಟ್ಟದಲ್ಲಿಟ್ಟು, ಆ ವೇಗವನ್ನು ಮತ್ತೆ ಹುಡುಕಿದ. ಈ ಸಲ ಕಿವಿಗೆ ಮೊದಲೇ ಗೊತ್ತಿತ್ತು; ಡಬ್ಬಿಯದು ಯಾವುದು, ರೆಕ್ಕೆಯದು ಯಾವುದು ಎಂದು ಬಿಡಿಸಿಕೊಂಡು, ಎರಡೂ ಒಂದಾಗಿ ನಿಲ್ಲುವ ಕಡೆ ತಂದು ನಿಲ್ಲಿಸಿದ. ಸೋಮವಾರ ಡಬ್ಬಿಯನ್ನು ತಟ್ಟೆಯ ಮೇಲಿಟ್ಟುಕೊಂಡು, ಅಲುಗಾಡಿಸದೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದ. ಹಲ್ಲಿನ ತೂತಿಗೆ ತುಂಬಿ ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತಾರಲ್ಲ, ಅದನ್ನು ಮೂರು ತಿರುಗಣೆಗಳ ಬುಡಕ್ಕೂ ತುಂಬಿ ಎಂದ. ಡಾಕ್ಟರು ಕೈಗವಸು ಹಾಕಿಕೊಂಡು, ಡಬ್ಬಿಯನ್ನು ರೋಗಿಯ ಕುರ್ಚಿಯ ಮೇಲೆ ಮಲಗಿಸಿ, ದೀಪ ಹತ್ತಿರಕ್ಕೆ ಎಳೆದುಕೊಂಡರು.

‘ಹನ್ನೊಂದರಲ್ಲಿ ಹತ್ತು ಹೋಯ್ತಲ್ಲ ಸ್ವಾಮಿ,’ ಅಂದರು. ‘ಇಂಥ ಬಾಯಿಗೆ ನಾವು ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳಿ ಅಂತೀವಿ.’

ಉಳಿದ ಒಂದು ಅಲ್ಲಾಡದಿದ್ದರೆ ಸಾಕು ಎಂದ ಮಾಮ.

ಅಲ್ಲಿಂದ ನೇರ ಅಂಗಡಿಗೆ. ಕೌಂಟರಿನ ಗಾಜನ್ನು ಕರವಸ್ತ್ರದಿಂದ ಒರೆಸಿ, ಡಬ್ಬಿಯನ್ನು ಅದರ ಮೇಲಿಟ್ಟ. ಆಂಪ್ಲಿಫೈಯರಿನ ಹುಳ ಏನಾಯಿತು ಎಂದು ಅಂಗಡಿಯವನು ವಿಚಾರಿಸಿದ. ಅದು ನಮ್ಮನೆಯದೇ ಎಂದ ಮಾಮ. ಅಂಗಡಿಯವನು ವಾಪಸ್ ತೆಗೆದುಕೊಳ್ಳುವ ಮೊದಲು ನೋಡಬೇಕಲ್ಲ ಎಂದು ತಿರುಗಣೆಗೆ ಬೆರಳು ಹಚ್ಚಿದ. ತಿರುಗಲಿಲ್ಲ. ಇನ್ನೊಂದೂ ತಿರುಗಲಿಲ್ಲ. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೂರು ತಿರುಗಣೆಗಳ ಸುತ್ತಲೂ, ನೇರಳೆ ಲೋಹದ ಮೇಲೆ, ಹಲ್ಲಿನ ಬಣ್ಣದ ಗಟ್ಟಿ ವಸಡು ಬೆಳೆದಿತ್ತು.

‘ಛೀ,’ ಅಂದ ಅಂಗಡಿಯವನು. ‘ಏನ್ರೀ ಮಾಡಿದ್ರಿ ಇದನ್ನ?’

‘ಕೊಂಡೆ,’ ಅಂದ ಮಾಮ.